ಪಾರ್ಕಿನ್ಸನ್ ರೋಗಿಯ ಮಿದುಳಿಗೆ ವಿದ್ಯುತ್: ತಿರುಮಣಿಯಿಂದ ನಿಮ್ಹಾನ್ಸ್‌ವರೆಗಿನ ದಾರಿ

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಒಂದು ಪುಟ್ಟ ಭಾಗದ ನರಕೋಶಗಳು ಮೆಲ್ಲಗೆ ಸಾಯುತ್ತಾ ಬರುತ್ತವೆ. ಮಿದುಳುಕಾಂಡದ ಮೇಲ್ತುದಿಯಲ್ಲಿ ಕಪ್ಪು ಪಟ್ಟಿಯಾಗಿ ಕಾಣುವ ಆ ಭಾಗಕ್ಕೆ ಸಬ್‌ಸ್ಟಾನ್ಷಿಯಾ ನೈಗ್ರಾ ಎಂದು ಹೆಸರು. ಅಲ್ಲಿನ ಕೋಶಗಳು ತಯಾರಿಸುವ ಡೋಪಮಿನ್ ಕಡಿಮೆಯಾದಂತೆ ನಡೆಯುವುದು, ಮಗ್ಗುಲು ತಿರುಗುವುದು, ಅಂಗಿಗೆ ಗುಂಡಿ ಹಾಕುವುದು ಮುಂತಾಗಿ ಯೋಚಿಸದೆಯೇ ಆಗಿಹೋಗಬೇಕಾದ ಕೆಲಸಗಳು ಒಂದೊಂದಾಗಿ ಕಷ್ಟವಾಗುತ್ತವೆ. ಮೊದಲ ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ಅಲ್ಲಿನ ಅರ್ಧದಷ್ಟು ಕೋಶಗಳು ಆಗಲೇ ಹೋಗಿರುತ್ತವೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟ. ಅದಕ್ಕೂ ಬಹಳ ಹಿಂದೆಯೇ ಆಯುರ್ವೇದ ಇಂಥ ಲಕ್ಷಣಗಳನ್ನು ಕಂಪವಾತ ಎಂದು ಗುರುತಿಸಿತ್ತು.

ಕಾಯಿಲೆ ಸಾಮಾನ್ಯವಾಗಿ ದೇಹದ ಒಂದೇ ಪಕ್ಕದಲ್ಲಿ ಶುರುವಾಗುತ್ತದೆ. ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗುತ್ತದೆ, ಏನನ್ನಾದರೂ ಹಿಡಿಯಲು ಹೋದಾಗ ನಡುಕ ಕಡಿಮೆಯಾಗುತ್ತದೆ. ನಡೆಯುವಾಗ ಆ ಕೈ ಬೀಸುವುದಿಲ್ಲ. ಅಕ್ಷರ ಬರೆಯುತ್ತಾ ಹೋದಂತೆ ಚಿಕ್ಕದಾಗುತ್ತದೆ, ದನಿ ತಗ್ಗುತ್ತದೆ, ಮುಖದಲ್ಲಿ ನಗು ಮೂಡುವುದೇ ಅಪರೂಪವಾಗುತ್ತದೆ. ಎಲ್ಲರಿಗೂ ನಡುಕ ಬರುತ್ತದೆ ಎಂದೇನಿಲ್ಲ. ಕೆಲವರಲ್ಲಿ ಕಾಣುವುದು ನಿಧಾನ ಮತ್ತು ಬಿಗಿತ ಮಾತ್ರ. ಅಂಥವರನ್ನು ಮನೆಯವರು ಸೋಮಾರಿ ಎಂದೋ, ಕೀಲುನೋವು ಎಂದೋ ತಿಳಿದು ವರ್ಷಗಟ್ಟಲೆ ಕಳೆಯುವುದುಂಟು.

ಪಾವಗಡ ತಾಲ್ಲೂಕಿನ ತಿರುಮಣಿಯಂಥ ಊರಲ್ಲಿ ಈ ತಡಕ್ಕೆ ಮತ್ತೊಂದು ಕಾರಣವಿದೆ. ಹೆಚ್ಚುಕಡಿಮೆ ಎಲ್ಲ ಕಡೆಯೂ ಆಂಧ್ರದ ಗಡಿ ಸುತ್ತುವರಿದಿರುವ, ಮಳೆ ಕಡಿಮೆಯಿರುವ ಈ ತಾಲ್ಲೂಕು ಇಂದು ಹೆಸರಾಗಿರುವುದು ಸೌರ ವಿದ್ಯುತ್ ಪಾರ್ಕಿನಿಂದ. ತಿರುಮಣಿ, ಬಳಸಮುದ್ರ, ವಳ್ಳೂರು, ರ‍್ಯಾಪ್ಟೆಯ ಸುತ್ತಮುತ್ತಲ ಹಳ್ಳಿಗಳ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳಿವೆ. ಅದೇ ನೆಲದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟುವುದರಿಂದ ಶುರುವಾಗಿ ಬೆನ್ನು, ಕುತ್ತಿಗೆ, ಮೊಣಕಾಲು ಸೆಟೆದುಕೊಳ್ಳುವವರೆಗೆ ಹೋಗುವ ಫ್ಲೋರೋಸಿಸ್ ಇಲ್ಲಿ ಹಳೆಯ ಪಿಡುಗು. ಬೆನ್ನು ಬಾಗಿಸಿಕೊಂಡು ಬಿಗಿದ ಮೈಯಲ್ಲಿ ಚಿಕ್ಕ ಹೆಜ್ಜೆ ಹಾಕುವ ಹಿರಿಯರು ಇಲ್ಲಿನ ಕಣ್ಣಿಗೆ ಹೊಸಬರಲ್ಲ. ಹಾಗಾಗಿ ಅವರಲ್ಲೊಬ್ಬರಿಗೆ ಪಾರ್ಕಿನ್ಸನ್ ಇದ್ದರೆ ಅದು ‘ನೀರಿನ ದೋಷ’ದ ಲೆಕ್ಕಕ್ಕೇ ಸೇರಿಬಿಡಬಹುದು. ನಡುಕ ಎದ್ದು ಕಂಡರೂ ‘ವಾಯು’ ಎಂದು ಎಣ್ಣೆ ತಿಕ್ಕಿ ಕೈಬಿಡುವುದಿದೆ. ಫ್ಲೋರೋಸಿಸ್ ಮತ್ತು ಪಾರ್ಕಿನ್ಸನ್ ಎರಡನ್ನೂ ಬೇರ್ಪಡಿಸಲು ದೊಡ್ಡ ಯಂತ್ರ ಬೇಕಿಲ್ಲ. ಬೆರಳನ್ನು ಬೇಗ ಬೇಗ ತಟ್ಟಲು ಹೇಳಿದಾಗ ಬಡಿತ ಚಿಕ್ಕದಾಗುತ್ತಾ ಬರುವುದು, ಒಂದು ಪಕ್ಕಕ್ಕೆ ತೊಂದರೆ ಹೆಚ್ಚಿರುವುದು, ಡೋಪಮಿನ್ ಕೊರತೆ ತುಂಬುವ ಮಾತ್ರೆ ಕೊಟ್ಟಾಗ ಮೈ ಸ್ಪಷ್ಟವಾಗಿ ಸಡಿಲವಾಗುವುದು, ಇವು ಪಾರ್ಕಿನ್ಸನ್ನಿನ ಗುರುತುಗಳು. ಇದನ್ನು ನೋಡಬಲ್ಲ ವೈದ್ಯರ ಮುಂದೆ ರೋಗಿ ಒಮ್ಮೆ ಕೂತರೆ ಸಾಕು.

ಹಳ್ಳಿಗಳಲ್ಲಿ ನರರೋಗ ಕಡಿಮೆ ಎಂಬ ನಂಬಿಕೆಯನ್ನು ಕರ್ನಾಟಕದ್ದೇ ಅಧ್ಯಯನಗಳು ಅಲ್ಲಗಳೆದಿವೆ. ಮಧುಗಿರಿ, ಕೊರಟಗೆರೆಗಳ ಪಕ್ಕದ ಗೌರಿಬಿದನೂರು ಭಾಗದಲ್ಲಿ ನಿಮ್ಹಾನ್ಸ್ ವೈದ್ಯೆ ಎಂ. ಗೌರಿದೇವಿಯವರ ತಂಡ 1980ರ ದಶಕದಲ್ಲೇ ಜನರ ನಡುವೆ ಹೋಗಿ ನರರೋಗಗಳ ಸಮೀಕ್ಷೆ ನಡೆಸಿತ್ತು. ಮುಂದೆ ಅವರದ್ದೇ ತಂಡ ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ 1,02,557 ಜನರನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಟ್ಟಾರೆ ನರರೋಗಗಳ ಪ್ರಮಾಣ ಹಳ್ಳಿಗಳಲ್ಲಿ ನಗರದ ಸುಮಾರು ಎರಡರಷ್ಟಿತ್ತು. ರೋಗಿಗಳು ಹಳ್ಳಿಯಲ್ಲಿದ್ದಾರೆ, ನರರೋಗ ತಜ್ಞರು ನಗರದಲ್ಲಿದ್ದಾರೆ. ಪಾರ್ಕಿನ್ಸನ್ ಚಿಕಿತ್ಸೆಯ ಅನೇಕ ತೊಡಕುಗಳು ಇಲ್ಲಿಂದಲೇ ಹೊರಡುತ್ತವೆ.

ಕಾಯಿಲೆಗೆ ಮೊದಲ ಮತ್ತು ಮುಖ್ಯ ಔಷಧ ಲೆವೊಡೋಪ. ಮಿದುಳನ್ನು ಹೊಕ್ಕು ಡೋಪಮಿನ್ ಆಗಿ ಬದಲಾಗುವ ಈ ವಸ್ತುವನ್ನು ದೊಡ್ಡ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು, ಹಾಸಿಗೆ ಹಿಡಿದವರನ್ನು ಎಬ್ಬಿಸಿ ನಡೆಸಬಹುದೆಂದು 1967ರಲ್ಲಿ ಜಾರ್ಜ್ ಕೊಟ್ಜಿಯಾಸ್ ತೋರಿಸಿಕೊಟ್ಟರು. ಬೇಲಿಯಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದೇ ಲೆವೊಡೋಪ ಸಹಜವಾಗಿಯೇ ಇದೆ. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುವುದರಿಂದ ಮಾತ್ರೆಯ ಜತೆಗೆ ನಸುಗುನ್ನಿ ಪುಡಿಯನ್ನು ವೈದ್ಯರಿಗೆ ತಿಳಿಸದೆ ನುಂಗುವುದು ಅಪಾಯ. ಮೊದಲ ಕೆಲವು ವರ್ಷ ಮಾತ್ರೆ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಐದರಿಂದ ಹತ್ತು ವರ್ಷದೊಳಗೆ ಬಹಳ ಜನರಿಗೆ ಅದರ ಹಿಡಿತ ಸಡಿಲುತ್ತದೆ. ಒಂದು ಮಾತ್ರೆಯ ಪ್ರಭಾವ ಮುಂದಿನ ಮಾತ್ರೆಯ ಹೊತ್ತಿಗಿಂತ ಮೊದಲೇ ಮುಗಿದು ಮೈ ಕಲ್ಲಾಗುತ್ತದೆ. ಪ್ರಮಾಣ ಏರಿಸಿದರೆ ಮೈ ತಾನಾಗಿ ತಿರುಚುತ್ತಾ ಕುಣಿಯತೊಡಗುತ್ತದೆ. ಆಸ್ಪತ್ರೆಗಳಲ್ಲಿ ರೋಗಿಗಳೂ ವೈದ್ಯರೂ ಮಾತ್ರೆ ಹಿಡಿದಿರುವ ಹೊತ್ತನ್ನು ‘ಆನ್’, ಅದರ ಹಿಡಿತ ಬಿಟ್ಟ ಹೊತ್ತನ್ನು ‘ಆಫ್’ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಹೊಲಕ್ಕೆ ನಡೆದುಹೋದ ಮನುಷ್ಯ ಮಧ್ಯಾಹ್ನ ಬದುವಿನ ಮೇಲೆ ಏಳಲಾರದೆ ಕೂರುತ್ತಾನೆ. ಯಾವ ಹೊತ್ತಿಗೆ ಕಾಲು ನಿಂತುಬಿಡುತ್ತದೋ ಗೊತ್ತಿಲ್ಲದವನು ಬಸ್ ಹತ್ತಲು ಅಂಜುತ್ತಾನೆ, ಮದುವೆ ಊಟಕ್ಕೆ ಹೋಗುವುದನ್ನು ಬಿಡುತ್ತಾನೆ. ಮಿದುಳಿನ ಆಳಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಡಿಬಿಎಸ್ ಚಿಕಿತ್ಸೆ ಇರುವುದು ಮುಖ್ಯವಾಗಿ ಈ ಹಂತದವರಿಗೆ.

ಈ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡುವುದು ಕರ್ನಾಟಕಕ್ಕೆ ಹೊಸದಲ್ಲ. ಲೆವೊಡೋಪ ಬಳಕೆಗೆ ಬರುವ ಮುನ್ನ, ನಡುಕ ಹುಟ್ಟಿಸುವ ಮಿದುಳಿನ ಭಾಗವನ್ನು ಹುಡುಕಿ ನಾಶ ಮಾಡುವುದೇ ದಾರಿಯಾಗಿತ್ತು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನರಶಸ್ತ್ರಚಿಕಿತ್ಸಕರಾಗಿದ್ದ ಡಾ. ಆರ್. ಮಾರ್ತಾಂಡ ವರ್ಮ, ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿ ತೂರಿಸಿ ಆ ಜಾಗವನ್ನು ತಲುಪುವ ವಿಧಾನ ರೂಪಿಸಿದರು. ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 1974ರಲ್ಲಿ ಆ ಸಂಸ್ಥೆ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆದಾಗ ವರ್ಮ ಅದರ ಸ್ಥಾಪಕ ನಿರ್ದೇಶಕರಾದರು. ನಾಶ ಮಾಡಿದ ಭಾಗವನ್ನು ಮರಳಿ ಪಡೆಯಲಾಗದು ಎಂಬುದೇ ಆ ಕಾಲದ ಚಿಕಿತ್ಸೆಗಳ ದೊಡ್ಡ ಕೊರತೆ. ಅದನ್ನು ನೀಗಿಸಿದ್ದು ಫ್ರಾನ್ಸಿನ ಗ್ರೆನೋಬಲ್ ನಗರ. ಅಲ್ಲಿ 1987ರಲ್ಲಿ ಅಲಿಂ ಲೂಯಿ ಬೆನಾಬಿದ್ ಮತ್ತು ಪಿಯೆರ್ ಪೊಲಾಕ್, ಸುಡುವ ಮುನ್ನ ಜಾಗ ಪರೀಕ್ಷಿಸಲು ಬಳಸುತ್ತಿದ್ದ ವಿದ್ಯುತ್ತನ್ನು ವೇಗದ ಮಿಡಿತಗಳಾಗಿ ಹರಿಸಿದರೆ ನಡುಕ ನಿಲ್ಲುತ್ತದೆ, ವಿದ್ಯುತ್ ನಿಲ್ಲಿಸಿದರೆ ನಡುಕ ಮರಳುತ್ತದೆ ಎಂಬುದನ್ನು ಚಿಕಿತ್ಸೆಯಾಗಿಸಿದರು. ಅಷ್ಟರಲ್ಲಿ ಅಮೆರಿಕದಲ್ಲಿ ಮಾಲೊನ್ ಡಿಲಾಂಗ್ ಮತ್ತವರ ಸಂಗಡಿಗರು, ಪಾರ್ಕಿನ್ಸನ್ನಿನಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಕೇಂದ್ರ ಮಿತಿಮೀರಿ ಚಟುವಟಿಕೆಯಲ್ಲಿರುತ್ತದೆ ಎಂದು ಕಂಡುಕೊಂಡಿದ್ದರು. 1993ರಲ್ಲಿ ಗ್ರೆನೋಬಲ್ ತಂಡ ಅದೇ ಕೇಂದ್ರಕ್ಕೆ ತಂತಿ ಇಳಿಸಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮುಂದುವರಿದ ಪಾರ್ಕಿನ್ಸನ್ನಿಗೆ ಈ ಚಿಕಿತ್ಸೆಯನ್ನು ಒಪ್ಪಿಕೊಂಡಿತು.

ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಪಾವಗಡದ ಹೊಲಗಳಲ್ಲಿ ಬೆಳೆಯುವ ಸಣ್ಣ ಕಡಲೆಕಾಯಿ ಬೀಜದಷ್ಟಿದೆ. ತಲೆಯ ಎರಡೂ ಪಕ್ಕದಲ್ಲಿ ಒಂದೊಂದಿರುವ ಅದಕ್ಕೆ ಹೆಚ್ಚುಕಡಿಮೆ ಒಂದೂಕಾಲು ಮಿಲಿಮೀಟರ್ ದಪ್ಪದ ತಂತಿಯ ತುದಿಯನ್ನು ತಲುಪಿಸಬೇಕು. ಎಂಆರ್‌ಐ ಮತ್ತು ಸಿಟಿ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ತಲೆಗೆ ಬಿಗಿದ ಚೌಕಟ್ಟಿನ ಅಳತೆಯಲ್ಲಿ ದಾರಿ ಗೊತ್ತುಮಾಡುತ್ತಾರೆ. ತಲೆಬುರುಡೆಯಲ್ಲಿ ಎರಡು ಸಣ್ಣ ರಂಧ್ರ ಕೊರೆದ ಮೇಲೆ ಅನೇಕ ಕಡೆ ರೋಗಿಯನ್ನು ಎಚ್ಚರವಾಗಿಯೇ ಇಟ್ಟಿರುತ್ತಾರೆ. ಮಿದುಳಿಗೆ ನೋವು ತಿಳಿಯುವುದಿಲ್ಲ. ಒಳಗಿಳಿಯುವ ಸೂಕ್ಷ್ಮ ಎಲೆಕ್ಟ್ರೋಡು ನರಕೋಶಗಳ ಮಿಡಿತವನ್ನು ಸದ್ದಾಗಿ ಕೇಳಿಸುತ್ತದೆ, ಆ ಸದ್ದು ಬದಲಾಗುವ ರೀತಿಯಿಂದ ಗುರಿ ಬಂತೆಂದು ತಂಡಕ್ಕೆ ಗೊತ್ತಾಗುತ್ತದೆ. ಆಮೇಲೆ ವಿದ್ಯುತ್ ಹರಿಸಿ ‘ಕೈ ಎತ್ತಿ, ಮುಷ್ಟಿ ಬಿಚ್ಚಿ, ಒಂದರಿಂದ ಇಪ್ಪತ್ತರವರೆಗೆ ಎಣಿಸಿ’ ಎನ್ನುತ್ತಾರೆ. ಬಿಗಿತ ಸಡಿಲಬೇಕು, ಮಾತು ತೊದಲಬಾರದು. ತಿರುಮಣಿ ಭಾಗದ ಅನೇಕರ ಮನೆಮಾತು ತೆಲುಗು. ಆ ಘಳಿಗೆಯಲ್ಲಿ ರೋಗಿಯ ಮಾತು ಬಲ್ಲವರೊಬ್ಬರು ತಂಡದಲ್ಲಿರುವುದು ದೊಡ್ಡ ನೆರವು. ಎರಡನೆಯ ಹಂತದಲ್ಲಿ ಪೂರ್ಣ ಅರಿವಳಿಕೆ ಕೊಟ್ಟು, ತಂತಿಯನ್ನು ಕಿವಿಯ ಹಿಂದೆ, ಕತ್ತಿನ ಚರ್ಮದಡಿ ಇಳಿಸಿ ಕಾಲರ್ ಮೂಳೆಯ ಕೆಳಗೆ ಹುದುಗಿಸಿದ ಬ್ಯಾಟರಿ ಸಾಧನಕ್ಕೆ ಜೋಡಿಸುತ್ತಾರೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 130 ಮಿಡಿತಗಳನ್ನು ಹಗಲೂ ರಾತ್ರಿ ಕಳಿಸುತ್ತದೆ. ಸತ್ತ ಕೋಶಗಳು ಮರಳಿ ಬರುವುದಿಲ್ಲ, ಕಾಯಿಲೆ ಬೆಳೆಯುವುದೂ ನಿಲ್ಲುವುದಿಲ್ಲ. ಡೋಪಮಿನ್ ಕೊರತೆಯಿಂದ ಮಿದುಳಿನ ಚಲನಾ ಜಾಲದಲ್ಲಿ ಹುಟ್ಟಿದ ತಪ್ಪು ಲಯವನ್ನು ಈ ಮಿಡಿತಗಳು ಮುರಿಯುತ್ತವೆ, ಅಷ್ಟೇ.

ಯಾರಿಗೆ ಈ ಚಿಕಿತ್ಸೆ ಎಂಬುದನ್ನು ತೀರ್ಮಾನಿಸುವುದು ಶಸ್ತ್ರಚಿಕಿತ್ಸೆಗಿಂತ ಕಷ್ಟದ ಕೆಲಸ. ರೋಗಿಗೆ ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಚಲನೆಯನ್ನು ಅಂಕಗಳಲ್ಲಿ ಅಳೆಯುತ್ತಾರೆ. ಆಮೇಲೆ ಲೆವೊಡೋಪ ಕೊಟ್ಟು ಮತ್ತೆ ಅಳೆಯುತ್ತಾರೆ. ಮೂರನೇ ಒಂದು ಭಾಗದಷ್ಟಾದರೂ ಸುಧಾರಣೆ ಕಾಣಬೇಕು. ಮಾತ್ರೆಯಿಂದ ಸರಿಹೋಗುವುದು ಬಹುಮಟ್ಟಿಗೆ ವಿದ್ಯುತ್ತಿನಿಂದಲೂ ಸರಿಹೋಗುತ್ತದೆ, ಮಾತ್ರೆಗೆ ಬಗ್ಗದ್ದು ವಿದ್ಯುತ್ತಿಗೂ ಬಗ್ಗುವುದಿಲ್ಲ. ಇದಕ್ಕೆ ಮುಖ್ಯ ಅಪವಾದ ನಡುಕ. ಮಾತ್ರೆಗೆ ಜಗ್ಗದ ನಡುಕವೂ ಡಿಬಿಎಸ್‌ನಿಂದ ತಗ್ಗಬಲ್ಲದು. ಮರೆಗುಳಿತನ ಶುರುವಾದವರಿಗೆ, ತೀವ್ರ ಖಿನ್ನತೆ ಇರುವವರಿಗೆ, ಪಾರ್ಕಿನ್ಸನ್ನಿನಂತೆ ಕಂಡರೂ ಬೇರೆಯೇ ಆದ ಕಾಯಿಲೆಗಳಿರುವವರಿಗೆ ಈ ಶಸ್ತ್ರಚಿಕಿತ್ಸೆ ಬೇಡವೆನ್ನುತ್ತಾರೆ. ವಯಸ್ಸು 70 ದಾಟಿದಂತೆ ಎಚ್ಚರಿಕೆ ಹೆಚ್ಚುತ್ತದೆ. ಹಳ್ಳಿಯ ರೋಗಿ ತೀರ ತಡವಾಗಿ ಪತ್ತೆಯಾದರೆ ಈ ಕಿಟಕಿ ಮುಚ್ಚಿಹೋಗಿರುತ್ತದೆ. ಶಸ್ತ್ರಚಿಕಿತ್ಸೆಯವರೆಗೆ ತಲುಪುವವರಲ್ಲಿ ಹೆಂಗಸರ ಪಾಲು ಜಗತ್ತಿನಾದ್ಯಂತ ಕಡಿಮೆ. ಮುದ್ದೆ ತಿರುವಲು ಆಗದ ಹೆಂಗಸಿಗೆ ಸೊಸೆಯ ನೆರವು ಸಿಕ್ಕಿಬಿಟ್ಟರೆ ಅವಳ ಕಾಯಿಲೆ ಮನೆಯ ಗೋಡೆ ದಾಟಿ ಹೊರಬರುವುದೇ ಇಲ್ಲ. ಈ ಅನ್ಯಾಯವನ್ನು ಯಾವ ಯಂತ್ರವೂ ಸರಿಪಡಿಸಲಾರದು, ಮನೆಯವರೇ ಸರಿಪಡಿಸಬೇಕು.

ಚಿಕಿತ್ಸೆ ಫಲಿಸಿತೇ ಎಂಬುದನ್ನು ನಡುಕ ಅಳೆದರಷ್ಟೇ ಹೇಳಲಾಗದು. ಅದಕ್ಕಾಗಿ ಆಕ್ಸ್‌ಫರ್ಡ್‌ನಲ್ಲಿ ರೂಪಿಸಿದ ಪಿಡಿಕ್ಯು-39 ಎಂಬ 39 ಪ್ರಶ್ನೆಗಳ ಪಟ್ಟಿ ಬಳಕೆಯಲ್ಲಿದೆ. ಓಡಾಟ, ದಿನನಿತ್ಯದ ಕೆಲಸ, ಮನಸ್ಸಿನ ನೆಮ್ಮದಿ, ನಾಲ್ಕು ಜನರ ಮುಂದೆ ಆಗುವ ಸಂಕೋಚ, ಬಂಧುಗಳ ಆಸರೆ, ನೆನಪು, ಮಾತುಕತೆ, ಮೈನೋವು ಹೀಗೆ ಎಂಟು ಬಗೆಯಲ್ಲಿ ರೋಗಿಯೇ ತನ್ನ ಬದುಕಿಗೆ ಅಂಕ ಕೊಡುತ್ತಾನೆ. ಜರ್ಮನಿ ಮತ್ತು ಆಸ್ಟ್ರಿಯಾದ 156 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿಬಿಎಸ್ ಪಡೆದವರ ಅಂಕ ಆರು ತಿಂಗಳಲ್ಲಿ ಸುಮಾರು ಕಾಲುಭಾಗ ಸುಧಾರಿಸಿತು, ಮಾತ್ರೆಯಲ್ಲೇ ಮುಂದುವರಿದವರದು ಇದ್ದಲ್ಲೇ ಇತ್ತು. 2009ರಲ್ಲಿ ಅಮೆರಿಕದಲ್ಲಿ 255 ಜನರ ಅಧ್ಯಯನ ಇದನ್ನೇ ಗಂಟೆಗಳ ಲೆಕ್ಕದಲ್ಲಿ ಹೇಳಿತು. ಶಸ್ತ್ರಚಿಕಿತ್ಸೆಯಾದವರಿಗೆ ಕಾಡುವ ಕುಣಿತವಿಲ್ಲದೆ ಚಲಿಸಬಲ್ಲ ಹೊತ್ತು ದಿನಕ್ಕೆ 4.6 ಗಂಟೆ ಹೆಚ್ಚಿತು, ಉಳಿದವರಿಗೆ ಏನೂ ಹೆಚ್ಚಲಿಲ್ಲ. 2013ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯಲ್ಲಿ, ತೊಡಕು ಈಗಷ್ಟೇ ಶುರುವಾದ, ಸರಾಸರಿ 52ರ ವಯಸ್ಸಿನ 251 ಜನರಲ್ಲೂ ಎರಡು ವರ್ಷಗಳ ಬಳಿಕ ಇಂಥದ್ದೇ ಸುಧಾರಣೆ ಕಂಡಿತು. ಕೆಲಸ ಕೈಬಿಟ್ಟು, ಸ್ನೇಹಿತರು ದೂರಾಗಿ, ಬದುಕು ಕುಗ್ಗಿದ ಮೇಲೆ ಕೊಡುವುದಕ್ಕಿಂತ ಸ್ವಲ್ಪ ಮೊದಲೇ ಕೊಡಬಹುದು ಎಂಬ ವಾದಕ್ಕೆ ಈ ಫಲಿತಾಂಶದಿಂದ ಬಲ ಬಂತು.

ನಾಲ್ಕೂವರೆ ಗಂಟೆ ಎಂದರೆ ಹಳ್ಳಿಯ ದಿನದಲ್ಲಿ ಸಣ್ಣದಲ್ಲ. ಅಷ್ಟು ಹೊತ್ತಿನಲ್ಲಿ ಮೇಕೆಗಳನ್ನು ಬಯಲಿಗೆ ಹೊಡೆದುಕೊಂಡು ಹೋಗಿ ಬರಬಹುದು, ಅಂಗಳದಲ್ಲಿ ಕೂತು ಕಡಲೆಕಾಯಿ ಬಿಡಿಸಬಹುದು, ಪಾವಗಡದ ಬಸ್ ಹತ್ತಿ ಬ್ಯಾಂಕಿನ ಕೆಲಸ ಮುಗಿಸಿಕೊಂಡು ಬರಬಹುದು. ರಾತ್ರಿಯ ಲಾಭ ಇದಕ್ಕಿಂತ ದೊಡ್ಡದು. ಮಗ್ಗುಲು ತಿರುಗಲಾಗದ ಗಂಡನನ್ನು ರಾತ್ರಿಯಲ್ಲಿ ಮತ್ತೆ ಮತ್ತೆ ಎದ್ದು ತಿರುಗಿಸುತ್ತಿದ್ದ ಹೆಂಡತಿಗೂ ನಿದ್ದೆ ಸಿಗುತ್ತದೆ. ಸಬ್‌ಥಲಾಮಿಕ್ ಚಿಕಿತ್ಸೆಯಲ್ಲಿ ಮಾತ್ರೆಯ ಪ್ರಮಾಣವೂ ಅನೇಕರಿಗೆ ಅರ್ಧದಷ್ಟು ಇಳಿಯುತ್ತದೆ.

ಸುಧಾರಿಸದೆ ಉಳಿಯುವುದೂ ಬಹಳವಿದೆ. ದನಿ ತಗ್ಗಿದ್ದು ಸರಿಹೋಗುವುದು ಅಪರೂಪ, ಕೆಲವರಲ್ಲಿ ಮಾತು ಇನ್ನಷ್ಟು ಅಸ್ಪಷ್ಟವಾಗುತ್ತದೆ. ಆಯ ತಪ್ಪಿ ಬೀಳುವುದು, ನುಂಗುವ ತೊಂದರೆ, ಮಲಬದ್ಧತೆ, ಮರೆವು, ಇವು ಕಾಯಿಲೆಯೊಡನೆ ಬೆಳೆಯುತ್ತಲೇ ಹೋಗುತ್ತವೆ. ನಡುಕ ಮತ್ತು ಬಿಗಿತದ ಮೇಲಿನ ಹಿಡಿತ ಹತ್ತು ವರ್ಷದಾಚೆಗೂ ಉಳಿದದ್ದುಂಟು, ನಡಿಗೆಯ ಮೇಲಿನ ಹಿಡಿತ ಅಷ್ಟು ಕಾಲ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ನೂರರಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಇನ್ನು ಕೆಲವರಿಗೆ ಸಾಧನದ ಸುತ್ತ ಸೋಂಕು ತಗುಲಿ ಅದನ್ನು ತೆಗೆಯಬೇಕಾಗುತ್ತದೆ. ಮನಸ್ಸಿನ ಏರುಪೇರನ್ನು ಮನೆಯವರು ವಿಶೇಷವಾಗಿ ಗಮನಿಸಬೇಕು. ಔಷಧ ಬೇಗ ಇಳಿಸಿದಾಗ ಖಿನ್ನತೆ, ನಿರಾಸಕ್ತಿ ಬರಬಹುದು, ಆತ್ಮಹತ್ಯೆಯ ಯೋಚನೆಯೂ ಬಂದದ್ದಿದೆ. ಮೈ ಸರಿಹೋದರೂ ಮನಸ್ಸು ಹೊಂದಿಕೊಳ್ಳದೆ ಸಂಸಾರದಲ್ಲಿ ಬಿರುಕು ಬಿಟ್ಟ ಪ್ರಸಂಗಗಳನ್ನು ಫ್ರಾನ್ಸಿನ ವೈದ್ಯರು ದಾಖಲಿಸಿದ್ದಾರೆ. ವರ್ಷಗಟ್ಟಲೆ ಆರೈಕೆ ಮಾಡಿದವರಿಗೂ ಆರೈಕೆ ಪಡೆದವರಿಗೂ ಹೊಸ ಪಾತ್ರ ಕಲಿಯಲು ಸಮಯ ಬೇಕು.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ತಂತಿ ಹೋದ ಜಾಗದ ಊತದಿಂದಲೇ ಮೊದಲ ದಿನಗಳಲ್ಲಿ ನಡುಕ ನಿಂತುಹೋಗುವುದುಂಟು. ಊತ ಇಳಿದಂತೆ ಅದು ಮರಳುತ್ತದೆ. ಇದು ತಿಳಿಯದವರು ಆಪರೇಷನ್ ಕೆಟ್ಟಿತೆಂದು ಕಂಗಾಲಾಗುತ್ತಾರೆ. ಕೆಲವು ವಾರಗಳ ನಂತರ ಸಾಧನ ಚಾಲೂ ಮಾಡಿ, ಎಷ್ಟು ವಿದ್ಯುತ್, ತಂತಿಯ ಯಾವ ಬಿಂದುವಿನಿಂದ, ಎಷ್ಟು ವೇಗದಲ್ಲಿ ಎಂಬುದನ್ನು ತಿಂಗಳುಗಟ್ಟಲೆ ಹದಗೊಳಿಸುತ್ತಾರೆ. ಅದೇ ಹೊತ್ತಿಗೆ ಮಾತ್ರೆಯನ್ನೂ ಹೊಂದಿಸಬೇಕು. ತಿರುಮಣಿಯಿಂದ ಬೆಂಗಳೂರಿಗೆ 150 ಕಿಲೋಮೀಟರಿಗೂ ಹೆಚ್ಚು. ಪ್ರತಿ ಭೇಟಿಗೂ ಜತೆಯಲ್ಲಿ ಬರುವ ಒಬ್ಬರ ಕೂಲಿ ಹೋಗುತ್ತದೆ, ಉಳಿಯಲು ಜಾಗ ಬೇಕು. ಸಾಧನಕ್ಕೇ ಹಲವು ಲಕ್ಷ ರೂಪಾಯಿ ಬೀಳುತ್ತದೆ. ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ಬಡವರಿಗೆ ಆಸ್ಪತ್ರೆ ಶುಲ್ಕದ ರಿಯಾಯಿತಿ ಸಿಕ್ಕರೂ ಸಾಧನದ ಬೆಲೆ ಬೆಟ್ಟವಾಗಿ ನಿಲ್ಲುತ್ತದೆ. ಖರ್ಚಿನ ಮಾತು ಬಂದಾಗ ಆಪರೇಷನ್ನಿನ ಮೊತ್ತ ಮಾತ್ರ ಕೇಳದೆ, ಮುಂದಿನ ಹತ್ತು ವರ್ಷಗಳ ಓಡಾಟ ಮತ್ತು ಬ್ಯಾಟರಿಯ ಲೆಕ್ಕವನ್ನೂ ಕೇಳಬೇಕು. ರೀಚಾರ್ಜ್ ಆಗದ ಬ್ಯಾಟರಿ ಮೂರರಿಂದ ಐದು ವರ್ಷ ಬರುತ್ತದೆ. ಆಮೇಲೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ಸಾಧನವನ್ನಷ್ಟೇ ಬದಲಿಸುತ್ತಾರೆ, ಮಿದುಳಿನ ತಂತಿ ಹಾಗೆಯೇ ಇರುತ್ತದೆ. ರೀಚಾರ್ಜ್ ಆಗುವಂಥದ್ದು 15 ವರ್ಷ ಅಥವಾ ಅದಕ್ಕೂ ಹೆಚ್ಚು ಬಾಳುತ್ತದೆ. ಬೆಲೆ ಹೆಚ್ಚು, ಚರ್ಮದ ಮೇಲೆ ಚಾರ್ಜರ್ ಇಟ್ಟುಕೊಂಡು ನಿಯಮಿತವಾಗಿ ಚಾರ್ಜ್ ಮಾಡುತ್ತಿರಬೇಕು. ಅದನ್ನು ನೆನಪಿಟ್ಟು ಮಾಡುವವರು ಮನೆಯಲ್ಲಿದ್ದಾರೆಯೇ, ಕರೆಂಟು ನೆಚ್ಚಬಹುದೇ ಎಂದು ನೋಡಿ ಆರಿಸಿಕೊಳ್ಳಬೇಕು. ಬ್ಯಾಟರಿ ಏಕಾಏಕಿ ನಿಂತರೆ ರೋಗಿ ಒಂದೆರಡು ದಿನದಲ್ಲಿ ತೀವ್ರವಾಗಿ ಬಿಗಿದುಕೊಂಡು ತುರ್ತು ಚಿಕಿತ್ಸೆಗೆ ಹೋಗಬೇಕಾಗಬಹುದು.

ಸಾಧನವಿರುವವರು ಊರಿನ ಆಸ್ಪತ್ರೆಗಳಲ್ಲೂ ಎಚ್ಚರದಿಂದಿರಬೇಕು. ಮೈಕೈ ನೋವಿಗೆ ಫಿಸಿಯೋಥೆರಪಿಯಲ್ಲಿ ಕೊಡುವ ಡಯಾಥರ್ಮಿ ಶಾಖ ಅವರಿಗೆ ಪ್ರಾಣಾಂತಕ. ತಂತಿ ಬಿಸಿಯಾಗಿ ಮಿದುಳು ಸುಡುತ್ತದೆ. ಎಂಆರ್‌ಐ, ಬೇರೆ ಯಾವುದೇ ಆಪರೇಷನ್, ಹಲ್ಲಿನ ಚಿಕಿತ್ಸೆಗೆ ಮುನ್ನ ಸಾಧನದ ಕಾರ್ಡ್ ತೋರಿಸಬೇಕು. ಆರ್ಕ್ ವೆಲ್ಡಿಂಗ್ ಯಂತ್ರದಿಂದ ದೂರವಿರಬೇಕು. ರೋಗಿ ತೀರಿಕೊಂಡಾಗ ದಹನ ಮಾಡುವ ಮನೆಯವರು ಸಾಧನವನ್ನು ಮೊದಲು ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ.

ಆದರೂ ದೂರದ ಕಷ್ಟ ನಿಧಾನವಾಗಿ ತಗ್ಗುತ್ತಿದೆ. ಕೆಲವು ಹೊಸ ಸಾಧನಗಳನ್ನು ಅಂತರ್ಜಾಲದ ಮೂಲಕ, ರೋಗಿ ಮನೆಯಲ್ಲೇ ಇರುವಾಗ ವೈದ್ಯರು ಹೊಂದಿಸಬಲ್ಲರು. ಮಿದುಳಿನ ಅಲೆಗಳನ್ನು ತಾನೇ ಓದಿ ಬೇಕಾದಷ್ಟೇ ವಿದ್ಯುತ್ ಕೊಡುವ ಸಾಧನಕ್ಕೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನರರೋಗ ಗುರುತಿಸಲು ತರಬೇತಿ ಕೊಡುತ್ತಿದೆ, ಜಿಲ್ಲಾ ಮಟ್ಟದಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯುತ್ತಿದೆ. ಡಿಬಿಎಸ್ ಬೇಕಿಲ್ಲದ ಬಹುಪಾಲು ರೋಗಿಗಳಿಗೂ ಇದರಿಂದ ಲಾಭ. ಹೊತ್ತಿಗೆ ಸರಿಯಾಗಿ, ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ತೆಗೆದುಕೊಂಡು, ನಿತ್ಯ ವ್ಯಾಯಾಮ ಮಾಡಿದರೆ ಎಷ್ಟೋ ಜನರ ‘ಆಫ್’ ಹೊತ್ತು ಕಡಿಮೆಯಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ಕೈಕಾಲು ಸರಿಯಿದ್ದವರಿಗೆ ಅಂಗವೈಕಲ್ಯ ಪ್ರಮಾಣಪತ್ರ ಸಿಗದೆಂದು ತಿಳಿದು ಅರ್ಜಿಯನ್ನೇ ಹಾಕದವರು ಅದನ್ನು ಕೇಳಬೇಕು.

ಮೊದಲ ಬಾರಿ ದೊಡ್ಡ ಆಸ್ಪತ್ರೆಗೆ ಹೋಗುವವರು ಹಳೆಯ ಚೀಟಿಗಳ ಜತೆಗೆ ಎರಡು ವಸ್ತು ಒಯ್ಯಬೇಕು. ಒಂದು, ಕನಿಷ್ಠ ಒಂದು ವಾರ ಯಾವ ಹೊತ್ತಿಗೆ ಮಾತ್ರೆ ನುಂಗಿದ್ದು, ಯಾವಾಗ ಮೈ ಸಡಿಲವಾಯಿತು, ಯಾವಾಗ ಬಿಗಿಯಿತು, ಯಾವಾಗ ಕುಣಿಯಿತು ಎಂದು ಬರೆದ ಹಾಳೆ. ಎರಡು, ಮೊಬೈಲಿನಲ್ಲಿ ತೆಗೆದ ವಿಡಿಯೋ: ಮಾತ್ರೆಯ ಪ್ರಭಾವ ಇಳಿದಾಗ ಕುರ್ಚಿಯಿಂದ ಏಳುವುದು, ಬಾಗಿಲು ದಾಟುವುದು, ಮಾತ್ರೆ ಹಿಡಿದ ಮೇಲೆ ಅದನ್ನೇ ಮಾಡುವುದು. ತಜ್ಞರು ನೋಡುವ ಹತ್ತು ಹದಿನೈದು ನಿಮಿಷದಲ್ಲಿ ರೋಗಿ ‘ಆನ್’ ಇದ್ದುಬಿಟ್ಟರೆ ಅವರ ಕಣ್ಣಿಗೆ ಕಾಯಿಲೆಯ ಅರ್ಧವೂ ಬೀಳುವುದಿಲ್ಲ.